ಮೇಲಿನ ಅರ್ಧ ಯಾಕೆ ಖಾಲಿ? ಒಂದು ಉಪ್ಪುನೀರಿನ ಟ್ಯಾಂಕಿನ ಪ್ರಕರಣ

ನಾಲ್ಕಡಿ ಉದ್ದದ ಟ್ಯಾಂಕು. ಒಂಬತ್ತು ತಿಂಗಳಿಂದ ಓಡುತ್ತಿತ್ತು. ನೀರು ಕನ್ನಡಿಯ ಹಾಗೆ ತಿಳಿ. ಬಂಡೆಗಳ ಮೇಲೆ ನೇರಳೆ ಬಣ್ಣದ ಕೋರಲೈನ್ ಪಾಚಿ ಹಬ್ಬಿತ್ತು. ಮೀನುಗಳೂ ಗಟ್ಟಿಮುಟ್ಟಾಗಿದ್ದವು. ಆದರೂ ಎದುರಿಗೆ ಕುರ್ಚಿ ಹಾಕಿಕೊಂಡು ಕೂತರೆ ಏನೋ ಕೊರತೆ ಕಾಣುತ್ತಿತ್ತು. ಓಡಾಟವೆಲ್ಲ ಕೆಳಗಿನ ಅರ್ಧದಲ್ಲೇ. ಮೇಲಿನ ಒಂದಡಿ ನೀರು ಬಿಕೋ ಎನ್ನುತ್ತಿತ್ತು.

ಟ್ಯಾಂಕಿನ ಒಡತಿ ನನ್ನ ಹಳೆಯ ಗೆಳತಿ. ಸಿಹಿನೀರಿನ ಮೀನು ಸಾಕಿ ಪಳಗಿದ ಕೈ, ಉಪ್ಪುನೀರಿಗೆ ಹೊಸಬರು. ಅವರು ಕೇಳಿದ್ದು ಇಷ್ಟೇ: "ಮೇಲ್ಗಡೆ ಓಡಾಡೋ ಮೀನು ಬೇಕು. ಜಗಳಗಂಟ ಆಗಿರಬಾರದು. ಹೆಸರು ಹೇಳಿ, ತಂದು ಬಿಡ್ತೀನಿ."

ಈ ಪ್ರಶ್ನೆ ಮುಗಿಯಲು ಹತ್ತಿರಹತ್ತಿರ ಒಂದು ವರ್ಷ ಹಿಡಿಯಿತು. ನಡುವೆ ಎರಡು ಸಲ ನನ್ನ ಲೆಕ್ಕ ತಪ್ಪಿತು. ಅದನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ಟ್ಯಾಂಕಿನಲ್ಲಿ ಏನಿತ್ತು

ಉದ್ದ 120 ಸೆಂಟಿಮೀಟರ್, ಅಗಲ 45, ಎತ್ತರ 60. ಲೆಕ್ಕಕ್ಕೆ 324 ಲೀಟರ್. ಮರಳು, ಬಂಡೆ, ಮೇಲಿನ ಖಾಲಿ ಅಂಚು ಕಳೆದರೆ ನಿಜವಾದ ನೀರು ಸುಮಾರು 260 ಲೀಟರ್. ಕೆಳಗೆ ಸಂಪ್ ಎಂಬ ಸಹಾಯಕ ತೊಟ್ಟಿ, ಅದರಲ್ಲಿ ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಸ್ಕಿಮ್ಮರ್. ಉಷ್ಣತೆ 25ರಿಂದ 26 ಡಿಗ್ರಿ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೀರಿನ ಸಾಪೇಕ್ಷ ಸಾಂದ್ರತೆ 1.025. ಮೀನಿನ ಕೊಳೆ, ಉಳಿದ ಆಹಾರದಿಂದ ಹುಟ್ಟುವ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 8 ಪಿಪಿಎಂ (ಹತ್ತು ಲಕ್ಷದಲ್ಲಿ ಎಂಟು ಪಾಲು). ಮುಚ್ಚಳ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಒಂದು ಜೋಡಿ ಒಸೆಲ್ಲಾರಿಸ್ ಕ್ಲೌನ್‌ಫಿಶ್, ಒಂದು ರಾಯಲ್ ಗ್ರಾಮಾ, ಪಿಸ್ತೂಲ್ ಸೀಗಡಿಯ ಜೊತೆ ಬಿಲದಲ್ಲಿ ಸಂಸಾರ ಮಾಡುತ್ತಿದ್ದ ಹಳದಿ ವಾಚ್‌ಮನ್ ಗೋಬಿ, ಬಂಡೆಯ ಪಾಚಿ ಕೆರೆದು ತಿನ್ನುವ ಲಾನ್‌ಮೋವರ್ ಬ್ಲೆನ್ನಿ. ಒಟ್ಟು ಐದು ಮೀನು. ಈ ಪಟ್ಟಿಯನ್ನು ಒಮ್ಮೆ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಗೋಬಿಗೆ ಮರಳು ಬೇಕು, ಬ್ಲೆನ್ನಿಗೆ ಬಂಡೆ ಬೇಕು, ಗ್ರಾಮಾಕ್ಕೆ ಗುಹೆ ಬೇಕು. ಇವು ಮೇಲೆ ಬರಲಿ ಎಂದು ಕಾಯುವುದು ಆಮೆ ಮರ ಹತ್ತಲಿ ಎಂದು ಕಾದ ಹಾಗೆ. ಉಳಿದದ್ದು ಕ್ಲೌನ್ ಜೋಡಿ. ಅದರ ವಿಷಯ ಬೇರೆಯೇ ಇತ್ತು. ಅದು ಗೊತ್ತಾಗಲು ನನಗೆ ಎರಡು ವಾರ ಬೇಕಾಯಿತು.

ಪ್ರಶ್ನೆಯೊಳಗಿನ ತೊಡಕು

ಸಿಹಿನೀರಿನಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ಹ್ಯಾಚೆಟ್‌ಫಿಶ್ ಇದೆ. ಬೆನ್ನು ನೇರ, ಬಾಯಿ ಮೇಲ್ಮುಖ. ನೀರಿನ ಮೇಲೆ ಬಿದ್ದ ಹುಳು ಹಿಡಿಯಲೆಂದೇ ಆದ ಮೈ. ಮರದ ನೆರಳಿರುವ ಹೊಳೆಯಲ್ಲಿ ಮೇಲಿನಿಂದ ಆಹಾರ ಉದುರುತ್ತಲೇ ಇರುತ್ತದೆ. ಹಾಗಾಗಿ ಅಲ್ಲಿ ಮೇಲ್ಮೈಗೇ ಮೀಸಲಾದ ಮೀನುಗಳು ಹುಟ್ಟಿಕೊಂಡಿವೆ.

ಹವಳದ ದಿಬ್ಬದ ಮೇಲೆ ಮರವಿಲ್ಲ. ಹುಳು ಬೀಳುವುದಿಲ್ಲ. ಮೇಲಿಂದ ಬೀಳುವುದು ಹಕ್ಕಿಯ ಕೊಕ್ಕು. ಪಕ್ಕದಿಂದ ಬರುವುದು ಬ್ಯಾರಕುಡಾದ ಬಾಯಿ. ಅಂಗೈಯಗಲದ ಮೀನಿಗೆ ಅದು ವಾಸಕ್ಕೆ ಲಾಯಕ್ಕಾದ ಜಾಗ ಅಲ್ಲವೇ ಅಲ್ಲ. ಸಮುದ್ರದ ಮೇಲ್ಮೈಯಲ್ಲೇ ಬದುಕುವ ಮೀನುಗಳು ಇಲ್ಲ ಅಂತಲ್ಲ. ಹಾಫ್‌ಬೀಕ್ ಇದೆ, ಸೂಜಿಮೀನಿದೆ, ಹಾರುವ ಮೀನಿದೆ. ಬೆನ್ನು ಗಾಢ ಬಣ್ಣ, ಹೊಟ್ಟೆ ಬೆಳ್ಳಿ. ಮೇಲಿಂದ ನೋಡಿದರೆ ಕಡಲ ಬಣ್ಣ, ಕೆಳಗಿಂದ ನೋಡಿದರೆ ಆಕಾಶದ ಬೆಳಕು. ಆದರೆ ಇವು ಬಯಲಲ್ಲಿ ಓಡುವ ಜಾತಿ. ಬೆಚ್ಚಿದರೆ ಬಾಣದ ಹಾಗೆ ನುಗ್ಗುತ್ತವೆ. ನಾಲ್ಕಡಿಯ ಗಾಜಿನ ಪೆಟ್ಟಿಗೆಯಲ್ಲಿ ಆ ಓಟ ಗಾಜಿಗೆ ಮೂತಿ ಬಡಿದು ಮುಗಿಯುತ್ತದೆ.

ಹಾಗಾದರೆ ಟ್ಯಾಂಕಿನಲ್ಲಿ ಮೇಲೆ ಈಜುವ ಉಪ್ಪುನೀರಿನ ಮೀನು ಎಂದು ಹೇಳುವುದೆಲ್ಲ ಏನು? ಹೆಚ್ಚಿನವು ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ತಿನ್ನುವ ಮೀನುಗಳು. ಹವಳದ ಕೊಂಬೆಗಳ ಮೇಲೆ ಒಂದು ಮೀಟರ್ ಎತ್ತರದಲ್ಲಿ, ಪ್ರವಾಹಕ್ಕೆ ಮುಖ ಮಾಡಿ ನಿಂತು, ತೇಲಿ ಬರುವ ಕಣಗಳನ್ನು ಹೆಕ್ಕುತ್ತವೆ. ನೆರಳು ಹಾದರೆ ಸಾಕು, ಸರ್ರನೆ ಕೊಂಬೆಗಳ ನಡುವೆ ಇಳಿಯುತ್ತವೆ. ಎಷ್ಟು ಮೇಲೆ ಹೋಗಬೇಕು ಎನ್ನುವುದು ಅವುಗಳಿಗೆ ಎರಡು ಲೆಕ್ಕದ ಮೇಲೆ ನಿಂತಿದೆ. ಆಹಾರ ಎಲ್ಲಿ ಹರಿಯುತ್ತಿದೆ? ಅಡಗುವ ಜಾಗ ಎಷ್ಟು ದೂರ ಇದೆ? ಸಮುದ್ರದಲ್ಲಿ ಒಂದು ಮೀಟರ್ ಮೇಲೇರುವ ಮೀನು 55 ಸೆಂಟಿಮೀಟರ್ ನೀರಿನಲ್ಲಿ ಅಷ್ಟೇ ಧೈರ್ಯ ತೋರಿಸಿದರೆ ಮೇಲ್ಮೈಗೇ ಬಂದು ಮುಟ್ಟುತ್ತದೆ.

ಇದನ್ನೆಲ್ಲ ಗೆಳತಿಗೆ ಹೇಳಿದೆ. "ಸರಿ, ಆದ್ರೆ ಹೆಸರು?" ಎಂದರು. ಒಂದು ವಾರ ತಡೆಯಿರಿ ಎಂದೆ.

ಮೀನು ತಾನಾಗಿಯೇ ಮೇಲೆ ಬಂತು

ಆರನೇ ದಿನ ಬೆಳಿಗ್ಗೆ ಫೋನ್. ಖುಷಿಯ ದನಿ. "ಹೊಸ ಮೀನು ಬೇಡ ಅನ್ಸುತ್ತೆ. ಕ್ಲೌನ್ ಎರಡೂ ಮೇಲೆ ಬಂದಿವೆ, ಗ್ರಾಮಾನೂ ಬಂದಿದೆ!"

ಗ್ರಾಮಾ ಬಂದಿದೆ ಎಂದಾಗ ನನಗೆ ಹೊಟ್ಟೆಯಲ್ಲಿ ಕಲಸಿತು. ಗುಹೆ ಬಿಟ್ಟು ಕದಲದ ಮೀನು ನೀರಿನ ಅಂಚಿಗೆ ಬಂದರೆ ಅದು ವಿಹಾರ ಅಲ್ಲ. "ಬಾಯಿ ನೀರಿನ ಮೇಲ್ಮೈಗೆ ತಾಗ್ತಿದೆಯಾ? ಕಿವಿರು ಎಷ್ಟು ಬೇಗ ಬಡೀತಿದೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ಬದಲಾಯಿತು. ಬಾಯಿ ತೆರೆದು ಮುಚ್ಚುತ್ತಿವೆ, ಕಿವಿರು ಪಟಪಟ ಬಡಿಯುತ್ತಿದೆ ಎಂದರು.

ಉಸಿರು ಸಾಲದ ಲಕ್ಷಣ ಅದು. ಇಂಥ ಹೊತ್ತಿನಲ್ಲಿ ನೋಡಬೇಕಾದದ್ದು ಮೂರು. ಆಮ್ಲಜನಕ ಕಡಿಮೆಯೇ, ಅಮೋನಿಯ ಏರಿದೆಯೇ, ಅಥವಾ ಕಿವಿರಿಗೆ ಪರಾವಲಂಬಿ ತಗುಲಿದೆಯೇ. ಅಮೋನಿಯ ಪರೀಕ್ಷೆ ಸೊನ್ನೆ ತೋರಿಸಿತು. ಮೈಮೇಲೆ ಚುಕ್ಕೆ ಇಲ್ಲ, ಹುಡಿ ಉದುರಿಸಿದಂಥ ಪದರ ಇಲ್ಲ, ಬಂಡೆಗೆ ಮೈ ಉಜ್ಜುತ್ತಿಲ್ಲ. ಉಳಿದದ್ದು ಗಾಳಿ. ನಾನು ಹೋಗಿ ನೋಡಿದಾಗ ಟ್ಯಾಂಕಿನೊಳಗೆ ಪ್ರವಾಹ ಎಬ್ಬಿಸುವ ಪಂಪು, ಅಂದರೆ ವೇವ್‌ಮೇಕರ್, ನಿಂತೇ ಹೋಗಿತ್ತು. ರೋಟರಿನಲ್ಲಿ ಸುಣ್ಣದ ಪದರ ಕಟ್ಟಿ ಜಾಮ್ ಆಗಿತ್ತು. ಸಂಪಿನಿಂದ ಬರುವ ಪೈಪಿನ ಮೂತಿ ಕೆಳಮುಖವಾಗಿತ್ತು. ಮೇಲ್ಮೈ ನೀರನ್ನು ಸಂಪಿಗೆ ಇಳಿಸುವ ಓವರ್‌ಫ್ಲೋದ ಹಲ್ಲುಗಳಲ್ಲಿ ಪಾಚಿ ಸಿಕ್ಕಿಕೊಂಡು ಮೇಲಿನ ನೀರು ಸರಿಯಾಗಿ ಎಳೆದುಕೊಳ್ಳುತ್ತಿರಲಿಲ್ಲ. ನೀರಿನ ಮೇಲೆ ತೆಳು ಎಣ್ಣೆಯಂಥ ಪೊರೆ ನಿಂತಿತ್ತು.

ಉಪ್ಪುನೀರಿಗೆ ಇದರಲ್ಲಿ ಒಂದು ಹೆಚ್ಚಿನ ಕಷ್ಟವಿದೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. ಸಮುದ್ರದ ನೀರು ಸುಮಾರು 6.7 ಮಾತ್ರ. ಅಂದರೆ ಸಿಹಿನೀರಿನ ಟ್ಯಾಂಕಿನಲ್ಲಿ ಒಂದು ರಾತ್ರಿ ತಳ್ಳಬಹುದಾದ ತಪ್ಪು ಇಲ್ಲಿ ತಳ್ಳಲಾಗುವುದಿಲ್ಲ. ನೀರಿಗೆ ಗಾಳಿ ಸೇರುವುದು ಮೇಲ್ಮೈ ಕದಡಿದಾಗ. ಪೊರೆ ಕಟ್ಟಿದ ಸ್ತಬ್ಧ ನೀರಿಗೆ ಗಾಳಿ ಸೇರುವುದು ತೀರ ನಿಧಾನ.

ರೋಟರನ್ನು ವಿನೆಗರಿನಲ್ಲಿ ನೆನೆಸಿ ತಿಕ್ಕಿದೆವು. ಪೈಪಿನ ಮೂತಿಯನ್ನು ಮೇಲಕ್ಕೆ ತಿರುಗಿಸಿದೆವು. ಓವರ್‌ಫ್ಲೋದ ಹಲ್ಲುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆವು. ಒಂದೂವರೆ ಗಂಟೆಯಲ್ಲಿ ಗ್ರಾಮಾ ತನ್ನ ಗುಹೆಗೆ ವಾಪಸ್ಸಾಯಿತು.

ಈ ಘಟನೆಯನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. "ನನ್ನ ಮೀನು ಮೇಲೇ ಈಜುತ್ತೆ" ಎಂದು ಹೆಮ್ಮೆಪಡುವವರ ಟ್ಯಾಂಕುಗಳಲ್ಲಿ ನಾನು ಇಂಥದ್ದನ್ನು ಮೊದಲೂ ನೋಡಿದ್ದೇನೆ. ನೆಮ್ಮದಿಯಾಗಿ ಮೇಲೆ ಈಜುವ ಮೀನು ಪ್ರವಾಹಕ್ಕೆ ಎದುರಾಗಿ ಮಟ್ಟಸವಾಗಿ ನಿಂತಿರುತ್ತದೆ. ಆಗಾಗ ಕೆಳಗಿಳಿದು ಮತ್ತೆ ಏರುತ್ತದೆ. ಉಸಿರು ಸಾಲದ ಮೀನು ತಲೆ ಮೇಲೆ, ಬಾಲ ಕೆಳಗೆ ಮಾಡಿ ತೂಗುತ್ತದೆ. ಅಲ್ಲಿಂದ ಇಳಿಯುವುದೇ ಇಲ್ಲ.

ಎರಡು ಸಂಜೆ ಸುಮ್ನೆ ಕೂತದ್ದು

ಎರಡನೇ ವಾರ ನಾನು ಎರಡು ಸಂಜೆ ಅವರ ಟ್ಯಾಂಕಿನ ಎದುರು ಒಂದೊಂದು ಗಂಟೆ ಸುಮ್ನೆ ಕೂತೆ. ಮೊದಲ ಸಂಜೆ ಏನೂ ಹೊಳೆಯಲಿಲ್ಲ. ಎರಡನೇ ಸಂಜೆ ಊಟ ಹಾಕುವ ಹೊತ್ತಿಗೆ ಕಣ್ಣಿಗೆ ಬಿತ್ತು.

ಕರಗಿಸಿದ ಮೈಸಿಸ್ ಸೀಗಡಿ ಹಾಕಿದ ತಕ್ಷಣ ಗ್ರಾಮಾ ಗುಹೆಯಿಂದ ಹೊರಬಂದು ಮೇಲೇರಲು ನೋಡಿತು. ಅರ್ಧ ದಾರಿಯಲ್ಲೇ ಹೆಣ್ಣು ಕ್ಲೌನ್ ಮೇಲಿನ ಬಲ ಮೂಲೆಯ ವೇವ್‌ಮೇಕರಿನ ಮರೆಯಿಂದ ನುಗ್ಗಿ ಅದನ್ನು ಕೆಳಗಟ್ಟಿತು. ಕಚ್ಚಲಿಲ್ಲ, ಸುಮ್ಮನೆ ಗದರಿಸಿತು ಅಷ್ಟೇ. ಆಮೇಲೆ ನೋಡುತ್ತಾ ಹೋದ ಹಾಗೆ ಇದೇ ಆಟ ಮತ್ತೆ ಮತ್ತೆ ನಡೆಯಿತು. ಬ್ಲೆನ್ನಿ ಗಾಜಿನ ಪಾಚಿ ಕೆರೆಯುತ್ತಾ ಒಂದು ಮಟ್ಟ ದಾಟಿದರೆ ಕ್ಲೌನ್ ಹಾಜರ್.

ಮೇಲಿನ ಅರ್ಧ ಖಾಲಿ ಇರಲಿಲ್ಲ. ಅದಕ್ಕೆ ಮಾಲೀಕರಿದ್ದರು.

ಕ್ಲೌನ್‌ಫಿಶ್ ಸಮುದ್ರದಲ್ಲಿ ಅನಿಮೋನ್ ಎಂಬ ಹೂವಿನಂಥ ಪ್ರಾಣಿಯ ಒಳಗೆ ಮನೆ ಮಾಡುತ್ತದೆ. ಟ್ಯಾಂಕಿನಲ್ಲಿ ಅನಿಮೋನ್ ಇಲ್ಲದಿದ್ದರೆ ಯಾವುದೋ ಒಂದನ್ನು ಮನೆ ಎಂದುಕೊಳ್ಳುತ್ತದೆ. ಬಹಳಷ್ಟು ಸಲ ಅದು ಮೇಲಿನ ಒಂದು ಮೂಲೆ, ಹೀಟರ್ ಅಥವಾ ಪಂಪಿನ ಪಕ್ಕ. ಜೋಡಿಯಲ್ಲಿ ದೊಡ್ಡದು ಹೆಣ್ಣು, ಅದೇ ಯಜಮಾನಿ. ಎಲ್ಲ ಕ್ಲೌನ್‌ಗಳೂ ಗಂಡಾಗಿಯೇ ಹುಟ್ಟಿ, ಗುಂಪಿನ ಮುಖ್ಯಸ್ಥನಾದದ್ದು ಮಾತ್ರ ಹೆಣ್ಣಾಗುತ್ತದೆ. ಒಸೆಲ್ಲಾರಿಸ್ ಕ್ಲೌನ್‌ಗಳ ಪೈಕಿ ಸಾಧು ಎಂದೇ ಹೆಸರು ಪಡೆದದ್ದು, ನಿಜ. ಆದರೆ ಮನೆ ಬಾಗಿಲಲ್ಲಿ ಯಾರೂ ಸಾಧು ಅಲ್ಲ. ನಾವು ಶಾಂತ ಸ್ವಭಾವದ ಹೊಸ ಮೀನನ್ನು ಹುಡುಕುತ್ತಿದ್ದೆವು. ಮೇಲಿನ ಭಾಗದ ಅಶಾಂತಿ ಮಾತ್ರ ಹಳೆಯ ಮೀನಿನದೇ ಆಗಿತ್ತು.

ಇನ್ನೂ ಎರಡು ವಿಷಯ ಕಂಡವು. ಬಂಡೆಗಳ ರಾಶಿ ತಗ್ಗಾಗಿತ್ತು. ಅದರ ತುದಿ 25 ಸೆಂಟಿಮೀಟರಿಗೇ ಮುಗಿಯುತ್ತಿತ್ತು. ಅದರ ಮೇಲಿನ 30 ಸೆಂಟಿಮೀಟರ್ ಬರೀ ಬಯಲು, ಒಂದು ಮರೆಯೂ ಇಲ್ಲ. ಇನ್ನೊಂದು, ಊಟ ಹಾಕುತ್ತಿದ್ದದ್ದು ಓವರ್‌ಫ್ಲೋದ ಪಕ್ಕದಲ್ಲೇ. ಅರ್ಧ ಆಹಾರ ಮೀನಿನ ಬಾಯಿಗೆ ಸಿಗುವ ಮೊದಲೇ ಸಂಪಿಗೆ ಇಳಿಯುತ್ತಿತ್ತು.

ಯಾರನ್ನು ತರುವುದು

ಗೆಳತಿ ಅಷ್ಟರಲ್ಲಿ ತಮ್ಮದೇ ಒಂದು ಪಟ್ಟಿ ಮಾಡಿಕೊಂಡಿದ್ದರು. ಅದರಲ್ಲಿ ಕೆಲವನ್ನು ಎರಡು ನಿಮಿಷದಲ್ಲಿ ಹೊಡೆದು ಹಾಕಿದೆವು. ಮರಿ ಬ್ಯಾಟ್‌ಫಿಶ್ ಮೇಲ್ಮೈಯಲ್ಲಿ ಒಣ ಎಲೆಯ ಹಾಗೆ ತೇಲುತ್ತಾ ನಟಿಸುತ್ತದೆ, ನೋಡಲು ಮಜಾ. ಬೆಳೆದರೆ ಊಟದ ತಟ್ಟೆಗಿಂತ ದೊಡ್ಡದು. ಮೋನೋ ಗುಂಪಾಗಿ ಮೇಲೆ ಸುತ್ತುತ್ತದೆ, ಅದಕ್ಕೂ ಈ ಟ್ಯಾಂಕು ಬಚ್ಚಲು ತೊಟ್ಟಿಯಷ್ಟು ಇಕ್ಕಟ್ಟು. ಸಾರ್ಜೆಂಟ್ ಮೇಜರ್ ಮೇಲೆಯೇ ಇರುತ್ತದೆ, ಆದರೆ ಹೆಸರಿಗೆ ತಕ್ಕ ಸ್ವಭಾವ. ಜಗಳಗಂಟ ನೀಲಿ ಡ್ಯಾಮ್ಸೆಲ್ ಬಗ್ಗೆ ಚರ್ಚೆಯೇ ಬೇಡ ಎಂದೆ.

ಫೈರ್‌ಫಿಶ್ ಮೇಲೆ ಅವರಿಗೆ ಆಸೆ ಇತ್ತು. ಸುಂದರ ಮೀನು, ಸಾಧು, ನೀರಿನ ನಡುವೆ ತೇಲುತ್ತಾ ನಿಲ್ಲುತ್ತದೆ. ಆದರೆ ಅದು ನಿಲ್ಲುವುದು ತನ್ನ ಬಿಲದ ಮೇಲೆ ಒಂದು ಗೇಣಿನ ಎತ್ತರದಲ್ಲಿ. ಕ್ಲೌನ್ ಒಮ್ಮೆ ಗದರಿದರೆ ಬಿಲಕ್ಕೆ ಹೋಗುತ್ತದೆ, ಇಲ್ಲವೇ ನೆಲಕ್ಕೆ ಹಾರುತ್ತದೆ. ಬೇಡವಾಯಿತು.

ಬಂಗ್ಗಾಯ್ ಕಾರ್ಡಿನಲ್ ನನ್ನ ಅಚ್ಚುಮೆಚ್ಚು. ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳ ಮೀನು. ಅಲ್ಲಿ ಅತಿಯಾಗಿ ಹಿಡಿದು ಅಳಿವಿನ ಅಂಚಿಗೆ ತಂದಿದ್ದಾರೆ. ಹಾಗಾಗಿ ತರುವುದಾದರೆ ಟ್ಯಾಂಕಿನಲ್ಲೇ ಹುಟ್ಟಿದ್ದನ್ನು ತರಬೇಕು. ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ, ಅಷ್ಟು ದಿನ ಉಪವಾಸ. ಇಷ್ಟೆಲ್ಲ ಒಳ್ಳೆಯ ಗುಣ ಇದ್ದರೂ ಅದರ ಜಾಗ ನಡುನೀರು. ಒಂದೇ ಕಡೆ ನಿಂತಿರುತ್ತದೆ. ಗೆಳತಿಗೆ ಬೇಕಿದ್ದದ್ದು ಓಡಾಟ.

ಆಂಥಿಯಾಸ್ ಬಗ್ಗೆ ನಾವು ಹೆಚ್ಚು ಹೊತ್ತು ಮಾತಾಡಿದೆವು. ಕಿತ್ತಳೆ, ಗುಲಾಬಿ ಬಣ್ಣದ ಗುಂಪು, ದಿನವಿಡೀ ಪ್ರವಾಹದಲ್ಲಿ ಮೇಲೆ. ಕೇಳಿದ್ದೆಲ್ಲ ಅದರಲ್ಲಿದೆ. ತೊಂದರೆ ಹೊಟ್ಟೆಯದು. ಸಮುದ್ರದಲ್ಲಿ ಹಗಲಿಡೀ ಚೂರು ಚೂರು ತಿನ್ನುವ ಮೀನು. ದಿನಕ್ಕೆ ಒಂದೆರಡು ಸಲ ಹಾಕಿದರೆ ಕಣ್ಣೆದುರೇ ಸೊರಗುತ್ತದೆ. ಗೆಳತಿ ಬೆಳಿಗ್ಗೆ ಹೋದರೆ ಸಂಜೆ ಬರುವವರು. ಮೆಷಿನ್ನಿನಿಂದ ಒಣ ಕಾಳು ಹಾಕಬಹುದು, ಆದರೆ ಹೊಸದಾಗಿ ಬಂದ ಆಂಥಿಯಾಸ್ ಒಣ ಕಾಳನ್ನು ಆಹಾರ ಎಂದು ಒಪ್ಪಲು ದಿನಗಳೇ ಬೇಕು. ಗುಂಪಿನ ದೊಡ್ಡ ಹೆಣ್ಣು ಗಂಡಾಗಿ ಬದಲಾಗುತ್ತದೆ. ಆಮೇಲೆ ಉಳಿದವನ್ನು ಅಟ್ಟಾಡಿಸುತ್ತದೆ. ಮೊದಲ ವರ್ಷದ ಟ್ಯಾಂಕಿಗೆ ಇದು ಬೇಡ ಎಂದೆ. ಅವರ ಮುಖ ಸಪ್ಪಗಾಯಿತು.

ಉಳಿದದ್ದು ಗ್ರೀನ್ ಕ್ರೋಮಿಸ್. ಯಾರನ್ನೇ ಕೇಳಿ, ಮೊದಲು ಬರುವ ಹೆಸರು ಇದೇ. ತಿಳಿಹಸಿರು ಮೈ, ಬೆಳಕು ಬಿದ್ದರೆ ನೀಲಿ ಹೊಳಪು. ಸುಮಾರು 8 ಸೆಂಟಿಮೀಟರ್. ಬೇರೆ ಜಾತಿಯ ತಂಟೆಗೆ ಹೋಗುವುದಿಲ್ಲ. ಆದರೆ ತಮ್ಮತಮ್ಮೊಳಗೆ? ಹವಳದ ದಿಬ್ಬದ ಮೇಲೆ ನೂರಾರು ಇದ್ದಾಗ ಪೆಟ್ಟು ಹಂಚಿಹೋಗುತ್ತದೆ. ಟ್ಯಾಂಕಿನಲ್ಲಿ ಆರೇಳು ಇದ್ದಾಗ ಎಲ್ಲಕ್ಕಿಂತ ಸಣ್ಣದರ ಮೇಲೆ ಎಲ್ಲರ ಕಣ್ಣು. ಅದು ಸೊರಗಿ ಸತ್ತ ಮೇಲೆ ಅದರ ಮುಂದಿನದು. ಹತ್ತು ತಂದವರ ಬಳಿ ವರ್ಷದ ಕೊನೆಗೆ ಎರಡು ಮೂರು ಉಳಿಯುವುದು ಹೊಸ ಸುದ್ದಿ ಅಲ್ಲ. ನಾನು ಬೇಡ ಎಂದೆ. ಗೆಳತಿ ಬೇಕು ಎಂದರು. ಕೊನೆಗೆ ಬಂದದ್ದು ಏಳು.

ಇದರ ಜೊತೆ ನಾನು ಸೂಚಿಸಿದ್ದು ಎರಡು. ಒಂದು, ಗಂಡು ಫೇರಿ ರಾಸ್, ಕೆಂಪು ಸಮುದ್ರದ ಸಣ್ಣ ಜಾತಿ, ಒಂದೇ ಒಂದು. ದಿನವಿಡೀ ಟ್ಯಾಂಕಿನ ಉದ್ದಕ್ಕೂ ಮೇಲೆ ಕೆಳಗೆ ಈಜುತ್ತದೆ, ಹವಳ ಮುಟ್ಟುವುದಿಲ್ಲ. ಒಂದೇ ಕೆಟ್ಟ ಚಾಳಿ, ಹಾರುವುದು.

ಇನ್ನೊಂದು ಹೆಸರು ಕೇಳಿ ಅವರು ನಕ್ಕೇಬಿಟ್ಟರು. ಮೋಲಿ. "ಅದು ಸಿಹಿನೀರಿನ ಮೀನಲ್ವಾ? ನನ್ನ ಹತ್ರ ಹತ್ತು ವರ್ಷದಿಂದ ಇದೆ!"

ಸಿಹಿನೀರಿನಲ್ಲಿ ಮಾರುತ್ತಾರೆ, ಅಷ್ಟೇ. ಸೈಲ್‌ಫಿನ್ ಮೋಲಿ ಮೆಕ್ಸಿಕೋ ಕೊಲ್ಲಿಯ ಅಂಚಿನ ಚೌಳು ಜೌಗಿನಲ್ಲೂ ಉಪ್ಪುನೀರಿನಲ್ಲೂ ಬದುಕುವ ಮೀನು. ಬಾಯಿ ಮೇಲ್ಮುಖ, ಬೆನ್ನು ನೇರ. ನೀರಿನ ಮೇಲ್ಪದರವೇ ಅದರ ಮನೆ. ಪಾಚಿ ತಿನ್ನುತ್ತದೆ. ಮರಿ ಹಾಕಿದರೆ ಉಳಿದ ಮೀನುಗಳಿಗೆ ಜೀವಂತ ಊಟ. ಹವಳದ ಟ್ಯಾಂಕು ಇಟ್ಟವರು ಮೋಲಿಯನ್ನು ಕೀಳಾಗಿ ಕಾಣುವುದನ್ನು ನೋಡಿದ್ದೇನೆ. ನನಗೆ ಅದು ಒಣ ಜಂಬ ಅನಿಸುತ್ತದೆ. ಕೇಳಿದ ಪ್ರಶ್ನೆ ಮೇಲ್ಮೈಯಲ್ಲಿ ಈಜುವ ಸಾಧು ಮೀನು. ಆ ಪ್ರಶ್ನೆಗೆ ಅಕ್ಷರಶಃ ಉತ್ತರ ಕೊಡುವ ಮೀನು ನನಗೆ ಗೊತ್ತಿರುವ ಮಟ್ಟಿಗೆ ಇದೊಂದೇ.

ಮೊದಲು ಟ್ಯಾಂಕು, ಆಮೇಲೆ ಮೀನು

ಮುಚ್ಚಳ ಮೊದಲು. ಗಾಜು ಹಾಕಿದರೆ ಗಾಳಿಯಾಟ ಕಡಿಮೆಯಾಗುತ್ತದೆ. ಹಾಗಾಗಿ ಚೌಕಟ್ಟು ಮಾಡಿ 6 ಮಿಲಿಮೀಟರ್ ಕಣ್ಣಿನ ಪಾರದರ್ಶಕ ಬಲೆ ಬಿಗಿದೆವು. ಪೈಪು, ವೈರು ಹಾದುಹೋಗುವ ಕಡೆ ಬಲೆ ಕತ್ತರಿಸಿ ಸುತ್ತ ಸ್ಪಾಂಜು ತುರುಕಿದೆವು. ಹಾರುವ ಮೀನು ತಪ್ಪಿಸಿಕೊಳ್ಳುವುದು ಇಂಥ ಎರಡು ಬೆರಳಗಲದ ಸಂದಿಯಲ್ಲೇ. ಅದೇಕೋ ಅದಕ್ಕೆ ಅದೇ ಜಾಗ ಕಾಣುತ್ತದೆ.

ಬಂಡೆಯ ಕೆಲಸಕ್ಕೆ ಒಂದು ಭಾನುವಾರ ಹೋಯಿತು. ಕೊಂಬೆಯಂಥ ಒಣ ಬಂಡೆಗಳನ್ನು ಅಂಟಿಸಿ, ರಾಶಿಯ ಎಡತುದಿಯಿಂದ ಒಂದು ತೋಳು ಎಬ್ಬಿಸಿದೆವು. ತುದಿ ನೀರಿನ ಮೇಲ್ಮೈಗಿಂತ 15 ಸೆಂಟಿಮೀಟರ್ ಕೆಳಗೆ. ನಡುವೆ ಬೇಕಾದಷ್ಟು ಸಂದಿ. ಮೇಲೆ ಹೋದ ಮೀನಿಗೆ ಅಡಗಲು ತಳದವರೆಗೂ ಓಡುವ ಕೆಲಸ ಇನ್ನಿಲ್ಲ. ವೇವ್‌ಮೇಕರನ್ನು ಬಲ ಮೂಲೆಯಿಂದ ತೆಗೆದು ಎಡಗಡೆ, ಆ ತೋಳಿನ ಹಿಂದೆ ಇಟ್ಟೆವು. ಈಗ ಪ್ರವಾಹ ಮೇಲ್ಪದರದ ಉದ್ದಕ್ಕೂ ಹರಿಯತೊಡಗಿತು. ಊಟ ಹಾಕುವುದು ಅದರ ಬಾಯಿಗೇ. ಆ ಹತ್ತು ನಿಮಿಷ ಸಂಪಿನ ಪಂಪ್ ಆಫ್, ವೇವ್‌ಮೇಕರ್ ಆನ್.

ಇನ್ನು ಯಜಮಾನಿಯ ಸ್ಥಳಾಂತರ. ಅನಿಮೋನ್ ತರೋಣವೇ ಎಂದು ಗೆಳತಿ ಕೇಳಿದರು. ಒಂಬತ್ತು ತಿಂಗಳ ಟ್ಯಾಂಕಿಗೆ ನನಗೆ ಧೈರ್ಯವಾಗಲಿಲ್ಲ. ಅದು ಅಡ್ಡಾಡುತ್ತದೆ, ಪಂಪಿಗೆ ಸಿಕ್ಕಿಕೊಂಡರೆ ಇಡೀ ಟ್ಯಾಂಕನ್ನೇ ಹಾಳು ಮಾಡುತ್ತದೆ. ಬದಲಿಗೆ ಬಣ್ಣ ಹಚ್ಚದ ಒಂದು ಸಣ್ಣ ಮಣ್ಣಿನ ಕುಂಡವನ್ನು ತೊಳೆದು ಅಡ್ಡ ಮಲಗಿಸಿದೆವು. ಕ್ಲೌನ್ ಮರಿ ಮಾಡಿಸುವವರು ಮೊಟ್ಟೆ ಇಡಿಸಲು ಬಳಸುವುದು ಇದನ್ನೇ. ಇಲ್ಲಿ ನನ್ನ ಮೊದಲ ಲೆಕ್ಕ ತಪ್ಪಿತು. ಕುಂಡವನ್ನು ಎಡಗಡೆ ಬಂಡೆಯ ಮರೆಯಲ್ಲಿ ಇಟ್ಟಿದ್ದೆ, ದೂರ ಹೋದಷ್ಟೂ ಒಳ್ಳೆಯದು ಎಂದು. ಎರಡು ವಾರ ಜೋಡಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಪಂಪು ಇಲ್ಲದ ಬಲ ಮೂಲೆಯಲ್ಲೇ ತೂಗಾಡುತ್ತಿತ್ತು. ಆಮೇಲೆ ಕುಂಡವನ್ನು ತಂದು ಅದೇ ಬಲ ಮೂಲೆಯ ನೇರ ಕೆಳಗೆ, ಮರಳಿನ ಮೇಲೆ ಇಟ್ಟೆವು. ನಾಲ್ಕನೇ ದಿನ ಗಂಡು ಒಳಗೆ ಹೊಕ್ಕು ಬಾಲದಿಂದ ಮರಳು ಬೀಸುತ್ತಿತ್ತು. ಹತ್ತು ದಿನದಲ್ಲಿ ಇಬ್ಬರೂ ಕೆಳಗಿಳಿದರು. ಮನೆ ಬದಲಿಸಲು ಒಪ್ಪುತ್ತಾರೆ, ಓಣಿ ಬದಲಿಸಲು ಒಪ್ಪುವುದಿಲ್ಲ.

ಹೊಸಬರು ಬಂದದ್ದು

ಈ ಹೊತ್ತಿನಲ್ಲಿ ಹೊಸ ಮೀನುಗಳು ಬೇರೆ ಟ್ಯಾಂಕುಗಳಲ್ಲಿ ಕ್ವಾರಂಟೈನ್ ಆಗಿದ್ದವು, ಆರು ವಾರ. ಬಿಳಿ ಚುಕ್ಕೆ ರೋಗ ತರುವ ಕ್ರಿಪ್ಟೋಕ್ಯಾರಿಯಾನ್ ಒಮ್ಮೆ ದೊಡ್ಡ ಟ್ಯಾಂಕಿಗೆ ಹೊಕ್ಕರೆ ಓಡಿಸಲು ಎಲ್ಲ ಮೀನನ್ನೂ ಹೊರತೆಗೆದು ಎರಡೂವರೆ ತಿಂಗಳು ಖಾಲಿ ಬಿಡಬೇಕಾಗುತ್ತದೆ. ಅದಕ್ಕಿಂತ ಆರು ವಾರ ಕಾಯುವುದು ಅಗ್ಗ. ಎರಡನೇ ವಾರದಲ್ಲೇ ಒಂದು ಕ್ರೋಮಿಸ್‌ನ ಪಕ್ಕೆಯಲ್ಲಿ ಕೆಂಪು ಹುಣ್ಣು ಕಾಣಿಸಿತು. ಯುರೋನೆಮಾ ಎಂಬ ಪರಾವಲಂಬಿಯ ಗುರುತು ಹೀಗೇ ಇರುತ್ತದೆ, ಕ್ರೋಮಿಸ್‌ಗಳಿಗೆ ಅದು ಬೇಗ ತಗಲುತ್ತದೆ. ಬೇರೆ ಮಾಡಿದೆವು, ಮೂರನೇ ದಿನ ಸತ್ತಿತು. ಉಳಿದದ್ದು ಆರು.

ಮೋಲಿ ನಾಲ್ಕು, ಒಂದು ಗಂಡು, ಮೂರು ಹೆಣ್ಣು. ಗೆಳತಿಯ ಹಳೆಯ ಸಿಹಿನೀರಿನ ಟ್ಯಾಂಕಿನಿಂದಲೇ ಹಿಡಿದವು. ಸಿಹಿನೀರಿನಲ್ಲಿ ಮೀನಿನ ಮೈಗೆ ನೀರು ತಾನಾಗಿಯೇ ನುಗ್ಗುತ್ತದೆ. ಉಪ್ಪುನೀರಿನಲ್ಲಿ ಮೈಯಿಂದ ನೀರು ಹೊರಹೋಗುತ್ತದೆ, ಮೀನು ಕುಡಿದು ತುಂಬಿಕೊಳ್ಳಬೇಕು. ಕಿವಿರಿನ ಕೆಲಸವೇ ತಿರುವುಮುರುವು. ಅದಕ್ಕೆ ಸಮಯ ಕೊಡಬೇಕು. ಹೀಟರ್, ಗಾಳಿಕಲ್ಲು ಇದ್ದ ಡಬ್ಬಿಯಲ್ಲಿ ಐದು ದಿನ, ದಿನಕ್ಕೆ ಮೂರು ಸಲ ಸ್ವಲ್ಪ ನೀರು ತೆಗೆದು ಅಷ್ಟೇ ಉಪ್ಪುನೀರು ಹಾಕುತ್ತಾ 1.025ಕ್ಕೆ ತಂದರು. ಒಂದೂ ಸಾಯಲಿಲ್ಲ. ಆಮೇಲೆ ಕ್ರೋಮಿಸ್‌ಗಳ ಕ್ವಾರಂಟೈನ್ ಟ್ಯಾಂಕಿಗೇ ಬಿಟ್ಟರು. ಇದರಲ್ಲಿ ಒಂದು ಉಪಾಯವಿದೆ. ಸಿಹಿನೀರಿನಲ್ಲಿ ಬೆಳೆದ ಮೋಲಿಗೆ ಸಮುದ್ರದ ಬಿಳಿ ಚುಕ್ಕೆ ರೋಗ ಹೊಸದು, ತಡೆಯುವ ಶಕ್ತಿ ಇಲ್ಲ. ರೋಗ ಇದ್ದರೆ ಮೊದಲು ಅದರ ಮೇಲೆಯೇ ಕಾಣುತ್ತದೆ. ಕಪ್ಪು ಮೋಲಿಯಾದರೆ ಚುಕ್ಕೆ ಎದ್ದು ಕಾಣುತ್ತದೆ. ಮೂರು ವಾರ ಕಪ್ಪು ಮೈ ಕಪ್ಪಾಗಿಯೇ ಇತ್ತು.

ಬಿಡುವ ಸರದಿ ಹೀಗಿತ್ತು: ಮೊದಲು ಮೋಲಿ, ಒಂದು ವಾರದ ಮೇಲೆ ಕ್ರೋಮಿಸ್ ಆರೂ ಒಟ್ಟಿಗೆ, ಮೂರು ವಾರದ ಮೇಲೆ ರಾಸ್. ಪ್ರತಿ ಸಲವೂ ತೂತುಗಳಿರುವ ಪಾರದರ್ಶಕ ಡಬ್ಬಿಯಲ್ಲಿ ನಾಲ್ಕು ದಿನ ಟ್ಯಾಂಕಿನೊಳಗೇ ತೇಲಿಬಿಟ್ಟು, ಆಮೇಲೆ ದೀಪ ಆರಿದ ಮೇಲೆ ಬಾಗಿಲು ತೆರೆದರು. ಹೆಣ್ಣು ಕ್ಲೌನ್ ಮೊದಲ ದಿನ ಡಬ್ಬಿಯನ್ನು ಗುದ್ದಿತು. ಮೂರನೇ ದಿನ ಬೇಸರವಾಗಿ ಬಿಟ್ಟುಬಿಟ್ಟಿತು.

ರಾಸ್ ಬಂದ ಎರಡನೇ ರಾತ್ರಿ ಗೆಳತಿಗೆ ಟಪ್ ಎಂಬ ಸದ್ದಿಗೆ ಎಚ್ಚರವಾಯಿತು. ಮತ್ತೊಮ್ಮೆ ಟಪ್. ಬಲೆಗೆ ಬಡಿಯುತ್ತಿತ್ತು. ಬೆಳಿಗ್ಗೆ ನೋಡಿದರೆ ಮೂತಿ ಸ್ವಲ್ಪ ಕೆಂಪಾಗಿತ್ತು, ಮೀನು ಆರಾಮ. ಮುಚ್ಚಳದ ಖರ್ಚಿನ ಬಗ್ಗೆ ಅದುವರೆಗೆ ಗೊಣಗುತ್ತಿದ್ದವರು ಆಮೇಲೆ ಸುಮ್ಮನಾದರು.

ಎಂಟು ತಿಂಗಳ ಮೇಲೆ

ಈಗ ಟ್ಯಾಂಕು ಹೀಗಿದೆ. ಮೋಲಿಗಳು ಮೇಲಿನ ಐದು ಸೆಂಟಿಮೀಟರ್ ಬಿಟ್ಟು ಇಳಿಯುವುದು ಕಡಿಮೆ. ಓವರ್‌ಫ್ಲೋದ ಹಲ್ಲಿನ ಪಾಚಿಯನ್ನೂ ಅವೇ ಮೇಯುತ್ತವೆ. ಅಲ್ಲಿ ಬ್ರಷ್ ಹಾಕುವ ಕೆಲಸ ತಪ್ಪಿತು. ಮರಿಗಳು ಹುಟ್ಟಿವೆ, ಒಂದೂ ಉಳಿದಿಲ್ಲ. ಗಂಡು ಒಂದು ಹೆಣ್ಣನ್ನು ಬಿಡದೆ ಕಾಡುತ್ತಿತ್ತು. ಆ ಗಂಡು ಮೋಲಿಯನ್ನು ತೆಗೆದು ಸಿಹಿನೀರಿಗೇ ವಾಪಸ್ ಕಳಿಸಿದರು. ರಾಸ್ ಬೆಳಿಗ್ಗೆ ಮೇಲೆ, ಮಧ್ಯಾಹ್ನ ನಡುವೆ, ದೀಪ ಮಂಕಾಗುವ ಮೊದಲೇ ಬಂಡೆಯ ಸಂದಿಗೆ ಹೋಗಿ ಲೋಳೆಯ ಗೂಡು ಕಟ್ಟಿಕೊಂಡು ಮಲಗುತ್ತದೆ.

ಕ್ರೋಮಿಸ್‌ಗಳು ಪ್ರವಾಹದ ಬಾಯಲ್ಲಿ, ತೋಳಿನ ತುದಿಯ ಮೇಲೆ, ಎಲ್ಲ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತವೆ. ಕೈ ಗಾಜಿನ ಹತ್ತಿರ ಹೋದರೆ ಒಮ್ಮೆಗೇ ಸಂದಿಗಳಿಗೆ ಇಳಿಯುತ್ತವೆ. ನಾನು ಬೇಡ ಎಂದ ಮೀನೇ ಈ ಟ್ಯಾಂಕಿನ ಚಂದ ಈಗ. ಅದು ನನ್ನ ಎರಡನೇ ತಪ್ಪು ಲೆಕ್ಕ. ಆದರೆ ಪೂರ್ತಿ ತಪ್ಪೂ ಅಲ್ಲ. ಆರು ಇದ್ದದ್ದು ನಾಲ್ಕಾಗಿದೆ. ಒಂದು ಎರಡನೇ ತಿಂಗಳು ರೆಕ್ಕೆ ಹರಿದುಕೊಂಡು ಸೊರಗಿತು. ಇನ್ನೊಂದು ಐದನೇ ತಿಂಗಳು ಒಂದು ಬೆಳಿಗ್ಗೆ ಕಾಣಲೇ ಇಲ್ಲ. ಊಟವನ್ನು ದಿನಕ್ಕೆ ಎರಡರಿಂದ ನಾಲ್ಕಕ್ಕೆ ಏರಿಸಿದ ಮೇಲೆ, ಅಂದರೆ ಕೈಯಲ್ಲಿ ಎರಡು, ಮೆಷಿನ್ನಿನಲ್ಲಿ ಸಣ್ಣ ಕಾಳು ಎರಡು, ಅಟ್ಟಾಟ ಕಡಿಮೆಯಾಗಿದೆ. ಅದರ ಬೆಲೆ ನೀರಿನಲ್ಲಿ ಕಂಡಿತು. ನೈಟ್ರೇಟ್ 8ರಿಂದ 22ಕ್ಕೆ ಹೋಯಿತು. ವಾರಕ್ಕೆ ಶೇಕಡ 10 ಬದಲಿಸುತ್ತಿದ್ದ ನೀರನ್ನು 15 ಮಾಡಿ, ಸ್ಕಿಮ್ಮರ್ ಬಟ್ಟಲನ್ನು ಎರಡು ದಿನಕ್ಕೊಮ್ಮೆ ತೊಳೆದ ಮೇಲೆ 12ರ ಆಸುಪಾಸಿಗೆ ಬಂದು ನಿಂತಿದೆ.

ನಾಲ್ಕನ್ನು ಮತ್ತೆ ಆರು ಮಾಡಲು ಎರಡು ಹೊಸ ಕ್ರೋಮಿಸ್ ತರಲೇ ಎಂದು ಗೆಳತಿ ಕಳೆದ ವಾರ ಕೇಳಿದರು. ಬೇಡ ಎಂದೆ. ನಡೆದು ಬಂದ ಗುಂಪಿಗೆ ಹೊಸದಾಗಿ ಸೇರುವ ಒಂದೆರಡು ಮೀನು ಸಾಲಿನ ಕೊನೆಯಲ್ಲಿ ನಿಲ್ಲುತ್ತವೆ, ಪೆಟ್ಟೆಲ್ಲ ಅವಕ್ಕೇ. ಈ ಸಲ ಒಪ್ಪಿದರು.

ನಮ್ಮ ಯೋಜನೆಯಲ್ಲಿ ಇಲ್ಲದ್ದೊಂದು ಆಗಿದೆ. ಗ್ರಾಮಾ ಈಗ ಗುಹೆ ಬದಲಿಸಿದೆ. ಹೊಸ ತೋಳಿನ ನಡುವಿನ ಒಂದು ಸಂದಿಯಲ್ಲಿ, ಎಂದಿನ ಹಾಗೆ ತಲೆಕೆಳಗಾಗಿ, ಚಾವಣಿಗೆ ಹೊಟ್ಟೆ ತಾಗಿಸಿಕೊಂಡು ಇರುತ್ತದೆ. ಊಟದ ಹೊತ್ತಿಗೆ ಮೇಲ್ಮೈಗೆ ಒಂದು ಗೇಣು ಉಳಿದಿರುವಲ್ಲಿಯವರೆಗೂ ಬರುತ್ತದೆ. ಬಾಯಿ ಮುಚ್ಚಿಕೊಂಡೇ ಬರುತ್ತದೆ. ಗೆಳತಿ ಈಗಲೂ ಮೊದಲು ಅದರ ಕಿವಿರು ನೋಡಿ, ಆಮೇಲೆ ಕುರ್ಚಿಯಲ್ಲಿ ಕೂರುತ್ತಾರೆ.